ಉಗುರಿನ ಚಂದ್ರ

ಮೊನ್ನೆ ಮೊಮ್ಮಗಳು ಉಗುರುಬಣ್ಣದ ಶೀಶೆ ತೆರೆದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ತೀರ್ಥಹಳ್ಳಿಯ ನಮ್ಮ ಕೇರಿಯಲ್ಲಿದ್ದೆ. ನರ್ಸಕ್ಕನ ಜಗಲಿಯಲ್ಲಿ, ಎರಡೂ ಕೈ ಬಿಸಿನೀರಿನ ಬೋಗುಣಿಯಲ್ಲಿ ಅದ್ದಿಕೊಂಡು...

ಅರವತ್ತರ ದಶಕದ ಮಾತು. ನರ್ಸಕ್ಕ ಘಟ್ಟದ ಕೆಳಗಿನವರು, ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದರು. ಡ್ಯೂಟಿಯಲ್ಲಿ ಉಗುರಿಗೆ ಬಣ್ಣ ಕೂಡದು. ಹಾಗಾಗಿ ರಜೆಯ ದಿನ ಬೆಳಿಗ್ಗೆ ಹಚ್ಚಿಕೊಂಡು, ಕೈ ಚಾಚಿ ಚಾಚಿ ನೋಡಿ ಖುಷಿಪಟ್ಟು, ಸಂಜೆ ಒರೆಸಿಬಿಡುತ್ತಿದ್ದರು. ಹುಚ್ಚು ಎಂದು ಅಮ್ಮ ನಗುತ್ತಿದ್ದಳು. ನನಗೋ ಆ ಹುಚ್ಚಿನ ಮೇಲೇ ಜೀವ.

ಸಾಗರದ ಕಡೆಯವರು ನನ್ನನ್ನು ನೋಡಲು ಬರುತ್ತಾರೆಂದಾಗ ಅಡಿಕೆ ಸುಲಿಯುವ ಕಾಲ. ಮೆಟ್ಟುಗತ್ತಿಯ ಮುಂದೆ ಕೂತು ಕೂತು ಬೆರಳೆಲ್ಲ ಸಿಪ್ಪೆಯ ಕರೆ ಹಿಡಿದು ಇದ್ದಿಲಾಗಿತ್ತು. ನನಗೆ ಮದುವೆ ಬೇಕಿರಲಿಲ್ಲ, ಕಾಲೇಜಿಗೆ ಹೋಗಬೇಕಿತ್ತು. ಆದರೆ ಕೈ ಮಾತ್ರ ಚೆಂದ ಕಾಣಬೇಕಿತ್ತು. ಹದಿನೇಳರ ಬುದ್ಧಿ!

"ಎಂತ ಮಾರಾಯ್ತಿ, ಕೈ ಅಡಗಿಸ್ತಿ? ಕೊಡು ಇಲ್ಲಿ," ಎಂದರು ನರ್ಸಕ್ಕ.

ಎರಡು ದಿನ ನಿಂಬೆಹೋಳು, ಸೀಗೆಪುಡಿ ಹಾಕಿ ತಿಕ್ಕಿದರು. ಬೆಂಕಿಕಡ್ಡಿಗೆ ಹತ್ತಿ ಸುತ್ತಿ ಉಗುರಿನ ಬುಡದ ಚರ್ಮವನ್ನು ಮೆಲ್ಲಗೆ ಹಿಂದಕ್ಕೊತ್ತಿದರು. ಆಮೇಲೆ ಕೆಂಪು ಬಣ್ಣ. ಬುಡದ ಬಿಳಿ ಅರ್ಧಚಂದ್ರ ಮಾತ್ರ ಹಾಗೇ ಉಳಿಯಿತು. "ಚಂದ್ರನನ್ನ ಮುಚ್ಬಾರ್ದು ಮಗಾ, ಅದೇ ಫ್ಯಾಶನ್ನು."

ಬಂದವರು ಉಪ್ಪಿಟ್ಟು ತಿಂದರು, ಕಾಫಿ ಕುಡಿದರು. ಹುಡುಗನ ಅಜ್ಜಿ ನನ್ನ ಕೈ ಹಿಡಿದು ತಿರುಗಿಸಿ ನೋಡಿದರು.

"ಸುಗ್ಗೀಲೂ ಕೈಗೆ ಕರೆ ಇಲ್ಲ! ಇದು ಅಡಿಕೆ ಸುಲಿಯೋ ಕೈ ಅಲ್ಲ ಬಿಡಿ."

ಸಂಬಂಧ ಅಲ್ಲಿಗೇ ಮುರಿಯಿತು. ನಮ್ಮ ಕಡೆ ಹೆಣ್ಣಿಗೆ ಆ ಕರೆಯೇ ಸರ್ಟಿಫಿಕೇಟು ಎಂದು ಘಟ್ಟದ ಕೆಳಗಿನವರಿಗೆ ಹೇಗೆ ಗೊತ್ತಿರಬೇಕು? ಇಲ್ಲೇ ಹುಟ್ಟಿದ ನನಗಾದರೂ ಹೊಳೆಯಬೇಡವೇ!

ಅಮ್ಮ ಕೆಂಡವಾದಳು. ಇನ್ನು ಆ ಮನೆಯ ಮೆಟ್ಟಿಲು ಹತ್ತಿದರೆ ಕಾಲು ಮುರಿಯುತ್ತೇನೆ ಎಂದಳು. ಒಳಗೊಳಗೇ ನನಗೆ ಹಾಲು ಕುಡಿದಷ್ಟು ಸಂತೋಷ. ಆ ವರ್ಷವೇ ಕಾಲೇಜು ಸೇರಿದೆ, ಮುಂದೆ ಟೀಚರೂ ಆದೆ. ಆದರೆ ಇದೆಲ್ಲ ಆಗುವ ಮೊದಲೇ ನರ್ಸಕ್ಕನಿಗೆ ಹೊಸನಗರಕ್ಕೆ ವರ್ಗವಾಯಿತು. ಹೊರಡುವ ದಿನ ಬೇಲಿಯ ಹತ್ತಿರ ಬಂದರು.

"ನನ್ನಿಂದ ನಿನ್ನ ಮದುವೆ ತಪ್ತಲ್ಲ ಮಗಾ..."

ಅವರ ಕಣ್ಣು ತುಂಬಿತ್ತು. ಇಲ್ಲ ಅಕ್ಕಾ, ನೀವು ನನ್ನನ್ನು ಬದುಕಿಸಿದಿರಿ ಅನ್ನಬೇಕಿತ್ತು. ಹಿಂದೆ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೆಲ ನೋಡಿದೆ. ಅವರು ಚೀಲ ಎತ್ತಿಕೊಂಡು ಬಸ್ಸಿಗೆ ಹೋದರು.

ಕೆಲಸ ಸಿಕ್ಕ ಮೇಲೆ ಹೊಸನಗರಕ್ಕೆ ಹುಡುಕಿಕೊಂಡು ಹೋದೆ. ಅಲ್ಲಿಂದಲೂ ಹೋಗಿಯಾಗಿತ್ತಂತೆ. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ...

"ಅಜ್ಜಿ, ನಿಂಗೂ ಹಚ್ತೀನಿ, ಕೊಡು," ಎಂದಳು ಮೊಮ್ಮಗಳು. ಕೈ ಚಾಚಿದೆ.

"ಚಂದ್ರನ್ನ ಮುಚ್ಚಬೇಡ ಕಣೆ."

ಅವಳು ಬಗ್ಗಿ, ಒಂದೊಂದೇ ಬೆರಳು ನೋಡಿದಳು. "ಎಲ್ಲಿದ್ದಾನೆ ಅಜ್ಜಿ? ಒಂದರಲ್ಲೂ ಇಲ್ವಲ್ಲ!"

ಹೌದು, ವಯಸ್ಸಾದಂತೆ ಆ ಅರ್ಧಚಂದ್ರಗಳೆಲ್ಲ ಚರ್ಮದೊಳಗೆ ಸೇರಿಹೋಗಿದ್ದವು. ನರ್ಸಕ್ಕನಾಗಿದ್ದರೆ ಕಡ್ಡಿಗೆ ಹತ್ತಿ ಸುತ್ತಿ, ಬಗ್ಗಿ ಹುಡುಕುತ್ತಿದ್ದರು. ಆಗ ಅವರ ಕಿವಿಯಲ್ಲಿ ಹೇಳಿಬಿಡುತ್ತಿದ್ದೆ: ಅಕ್ಕಾ, ನನಗೆ ಆ ಹುಡುಗ ಬೇಡವೇ ಆಗಿತ್ತು.