ಮಡಚಿದ ಬೆರಳು

ಹಿತ್ತಿಲ ತೆಂಗಿನ ಬುಡಕ್ಕೆ ಬಳಿಯಲೆಂದು ಮೊನ್ನೆ ಸಂತೆಯಿಂದ ಚಿಪ್ಪಿನ ಸುಣ್ಣ ತಂದಿದ್ದೆ. ಹಳೆಯ ತಗಡಿನ ಡಬ್ಬಿಗೆ ಹಾಕಿ ನೀರು ಸುರಿದದ್ದೇ ತಡ, ಭುಸ್ಸೆಂದು ಎದ್ದು ಕೊತಕೊತ ಕುದಿಯಿತು. ಒಂದು ಹನಿ ಮುಂಗೈಗೆ ಸಿಡಿಯಿತು. ಉರಿ ತಿಳಿಯುವ ಮೊದಲೇ ಮೂಗಿಗೆ ಬಡಿದದ್ದು ಆ ವಾಸನೆ... ಕಾದ ಕಲ್ಲಿನದೂ ಒಣಗಿದ ಸಮುದ್ರದ್ದೂ ಸೇರಿದಂಥದು. ಕೈ ತೊಳೆಯುವುದನ್ನೂ ಮರೆತು ನಿಂತುಬಿಟ್ಟೆ. ನಮ್ಮ ಸುಣ್ಣದ ಸಾಬರು ನೆನಪಾಗಿದ್ದರು.

ಶಿಕಾರಿಪುರದ ನಮ್ಮ ಓಣಿಯ ಕೊನೆಗೆ ಅವರ ಭಟ್ಟಿ ಇತ್ತು. ದೊಡ್ಡವರಿಗೆ ಅವರು ಸುಣ್ಣದ ಸಾಬರು, ನಮಗೆ ಚಾಚಾ. ಎಪ್ಪತ್ತರ ದಶಕದಲ್ಲಿ ಇಡೀ ಪೇಟೆಯ ಗೋಡೆಗೂ ಎಲೆಯಡಿಕೆಗೂ ಅವರದೇ ಸುಣ್ಣ. ಚಿಪ್ಪು ತರಲು ಚಳಿಗಾಲ ಮುಗಿಯುವ ಹೊತ್ತಿಗೆ ಬಾಡಿಗೆ ಲಾರಿ ಮಾಡಿಕೊಂಡು ಘಟ್ಟ ಇಳಿಯುತ್ತಿದ್ದರು. ಹೋಗುವಾಗ ಲಾರಿ ಖಾಲಿ ಇರುತ್ತದೆಂದು ಸಮುದ್ರವನ್ನೇ ಕಾಣದ ನಮ್ಮಂಥವರನ್ನು ತುಂಬಿಕೊಂಡು, ಅಲ್ಲಿ ಎರಡು ದಿನ ದಂಡೆ, ಪೊದೆ, ಅಳಿವೆ ಎಲ್ಲಾ ಸುತ್ತಾಡಿಸಿ ತೋರಿಸುವುದು ಅವರ ಖಯಾಲಿ. ವರ್ಷವಿಡೀ ಸುಣ್ಣ ಬೇಯಿಸುವ ಮನುಷ್ಯನಿಗೆ ಆ ಎರಡು ದಿನವೇ ಹಬ್ಬ.

ನಾನು ಹೋದದ್ದು ಒಂದೇ ಸಲ, ಐದನೇ ಕ್ಲಾಸಿನಲ್ಲಿದ್ದಾಗ, ಅವ್ವನ ಜೊತೆ. ಓಣಿಯ ಹೆಂಗಸರು, ಅವರ ಅವಲಕ್ಕಿ ಗಂಟು, ಒಂದು ಚರಿಗೆ ಮಜ್ಜಿಗೆ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಇನ್ನೂ ಮೂವರು ಗಂಡಸರು ಹತ್ತಿದರು. ಅವರಲ್ಲಿ ಟೆರಿಲಿನ್ ಶರಟು ತೊಟ್ಟವನೇ ಮುಂದಾಳು. ದಾರಿಯುದ್ದಕ್ಕೂ ನನಗೆ ಪೆಪ್ಪರಮೆಂಟು ಕೊಟ್ಟ.

ಹೊನ್ನಾವರದ ಪೇಟೆ ದಾಟಿ ಎರಡು ಮೈಲಿ ಹೋದರೆ ಮರಳಿನ ದಂಡೆ, ಅದರ ಬೆನ್ನಿಗೆ ಕೇದಿಗೆ ಪೊದೆಗಳ ಕುರುಚಲು ಕಾಡು. ಸಮುದ್ರ ಅಂದರೆ ದೊಡ್ಡ ಕೆರೆ ಅಂದುಕೊಂಡಿದ್ದೆ. ಅದು ಎದ್ದು ಬಂದು ನೆಲಕ್ಕೆ ಅಪ್ಪಳಿಸುವ ಸದ್ದಿಗೆ ಅವ್ವನ ಸೆರಗು ಹಿಡಿದವಳು ಬಿಡಲಿಲ್ಲ. ಪಕ್ಕದ ಮನೆಯ ಅತ್ತೆಗೆ ಮಾತ್ರ ಭಯವೆಂಬುದೇ ಇಲ್ಲ.

"ಏನ್ರೀ ಸಾಬ್ರೆ, ಸಮುದ್ರಕ್ಕೂ ಸುಣ್ಣ ಹೊಡ್ದೀರೇನು? ಅಂಚೆಲ್ಲಾ ಬೆಳ್ಳಗೈತಲ್ಲ!"

"ಹೊಡ್ದು ಹೊಡ್ದು ಸಾಕಾತ್ರಿ ಅಕ್ಕಾರೆ. ನಿಲ್ಲಂಗೇ ಇಲ್ಲ, ತಿರುಗಾ ತೊಳ್ಕಂಡು ಹೋಗ್ತೈತೆ."

ಮರುದಿನ ಬೆಳಿಗ್ಗೆ ನಮ್ಮನ್ನೆಲ್ಲ ಸಾಲಾಗಿ ಪೊದೆಗಳ ನಡುವೆ ಕರೆದೊಯ್ದರು. ಕೇದಿಗೆಯ ಮುಳ್ಳಿಗೆ ಅತ್ತೆಯ ಸೀರೆ ಪರ್ರೆಂದು ಹರಿಯಿತು. ಮೇಲೆ ಒಣಮರದಲ್ಲಿ ಒಂದು ಹದ್ದು, ಇನ್ನೂ ಹೊರಳುತ್ತಿದ್ದ ಕಡಲ ಹಾವನ್ನು ಕಾಲಿನಡಿ ಒತ್ತಿ ಹಿಡಿದು, ಎಳೆ ಎಳೆಯಾಗಿ ಕಿತ್ತು ನುಂಗುತ್ತಿತ್ತು. ಕೆಳಗೆ ಏಡಿಗಳೆರಡು ಕಚ್ಚಾಡಿ, ಒಂದರ ಇಕ್ಕಳದಂಥ ಕೊಂಡಿ ಮುರಿದು ಮರಳಿನಲ್ಲಿ ಬಿದ್ದಿತ್ತು. ಮುರಿದ ಮೇಲೂ ಅದು ಬಾಯಿ ತೆಗೆದು ಮುಚ್ಚುತ್ತಿತ್ತು. ಅವ್ವ ಮುಖ ತಿರುಗಿಸಿದಳು.

"ನೋಡ್ರಿ ಅಕ್ಕಾರೆ, ಹೆದರಬ್ಯಾಡ್ರಿ. ಇಲ್ಲಿ ಯಾರೂ ಸುಮ್ನೆ ಕುಂತು ಉಣ್ಣಂಗಿಲ್ಲ" ಅಂದರು ಸಾಬರು.

ಆಮೇಲೆ ಒಂದು ಪೊದೆಯ ಬುಡದಲ್ಲಿ ನಿಂತರು. ದನಿ ಇಳಿಸಿದರು. ಕಡಲಾಮೆಯೊಂದು ಅಲ್ಲಿ ಮೊಟ್ಟೆಯಿಟ್ಟು ಹೋಗಿತ್ತಂತೆ. ನೀರಿನಿಂದ ಅಲ್ಲಿಯವರೆಗೆ ಅದು ತೆವಳಿ ಬಂದ ಗುರುತನ್ನು ಅವರೇ ನಸುಕಿನಲ್ಲಿ ಸೊಪ್ಪಿನಿಂದ ಗುಡಿಸಿ ಅಳಿಸಿದ್ದರು. ಅತ್ತೆ "ಎಲ್ಲಿ, ಎಲ್ಲಿ" ಎಂದು ಕೈ ಚಾಚಿದಾಗ ಗಾಬರಿಯಿಂದ ತಡೆದರು.

"ಬೆರಳು ನೆಟ್ಟಗೆ ಮಾಡಬ್ಯಾಡ್ರಿ! ಸೌತೆ ಹೀಚಿಗೆ ಹೆಂಗೋ ಹಂಗೇ ಇದಕ್ಕೂ. ಬೆರಳು ತೋರ್ಸಿದ್ರೆ ಕೊಳೀತಾವೆ. ಮಡಚಿ ತೋರ್ಸ್ರಿ."

ಹೆಂಗಸರೆಲ್ಲ ತಟ್ಟನೆ ಬೆರಳು ಮಡಚಿದರು. ನಮ್ಮ ಮನೆಗಳಲ್ಲಿ ಚಪ್ಪರದ ಎಳೆಗಾಯಿಯನ್ನು ನೆಟ್ಟಗಿನ ಬೆರಳಲ್ಲಿ ಯಾರೂ ತೋರಿಸುತ್ತಿರಲಿಲ್ಲ. ಮಡಚಿದರೆ ಮಾತ್ರ ಕಾಯಿ ಉಳಿಯುತ್ತದೆ. ನಾನೂ ಮಡಚಿದೆ. ಮೊಟ್ಟೆಗಳು ನನ್ನಿಂದಲೇ ಬದುಕಿದವು ಎನ್ನುವ ಹೆಮ್ಮೆ...

ಮಧ್ಯಾಹ್ನ ಗಾಳಿಮರದ ನೆರಳಲ್ಲಿ ಮೂರು ಕಲ್ಲು ಹೂಡಿ ಅನ್ನಕ್ಕಿಟ್ಟಿದ್ದರು. ಸಾಬರು ದೂರದಲ್ಲಿ ಡ್ರೈವರನ ಜೊತೆ ಚಿಪ್ಪು ತುಂಬುತ್ತಿದ್ದರು. ಟೆರಿಲಿನ್ ಶರಟಿನವನು ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಪುಟ್ಟಿ, ಸಾಬ್ರು ಬೆಳಿಗ್ಗೆ ತೋರ್ಸಿದ್ದು ಯಾವ ಪೊದೆ ಮಾರಾಯ್ತಿ? ನಾನು ಹಿಂದುಳಿದಿದ್ದೆ, ಕಾಣ್ಲೇ ಇಲ್ಲ."

ನಾನು ಅವನನ್ನು ಕರೆದುಕೊಂಡು ಹೋದೆ. ಎಷ್ಟು ಜಾಗ್ರತೆಯಿಂದ ಬೆರಳು ಮಡಚಿದೆನೆಂದರೆ ಉಗುರು ಅಂಗೈಗೆ ಚುಚ್ಚುತ್ತಿತ್ತು.

ನಾನು ಒಲೆಯ ಬಳಿ ಹಿಂತಿರುಗಿ ಸ್ವಲ್ಪ ಹೊತ್ತಿಗೆ ಕೂಗು ಕೇಳಿತು. ಓಡಿದೆವು. ಆ ಮೂವರು ಸಾಬರದೇ ಸಲಿಕೆ ತಂದು ಅಗೆಯುತ್ತಿದ್ದರು. ಬಿಳಿಯ ಮೊಟ್ಟೆಗಳು ಗೋಣಿಚೀಲಕ್ಕೆ ಬೀಳುತ್ತಿದ್ದವು. ಸಲಿಕೆಯ ಏಟಿಗೆ ಒಡೆದವು ಮರಳಿನಲ್ಲಿ ಹಳದಿಯಾಗಿ ಹರಿಯುತ್ತಿದ್ದವು. ಸಾಬರು ಓಡಿ ಬಂದು ಅವರನ್ನು ತಳ್ಳಿ ಗುಂಡಿಯ ಮೇಲೆ ಬೋರಲು ಬಿದ್ದುಬಿಟ್ಟರು.

"ಏಳೋ ಸಾಬಾ! ಮೊಟ್ಟೆ ನಿಮ್ಮಪ್ಪ ಇಟ್ಟಿದ್ನೇನೋ?"

"ಇಟ್ಟಾಕಿ ಸಮುದ್ರದಾಗೆ ಅದಾಳೆ, ಕರೀಲೇನು?"

ಒಬ್ಬ ಪಕ್ಕೆಗೆ ಒದ್ದ. ಇನ್ನೊಬ್ಬ ಗಡ್ಡ ಹಿಡಿದೆಳೆದು ಮುಖವನ್ನು ಮರಳಿಗೆ ತಿಕ್ಕಿದ. ಸಾಬರು ಬಾಯೊಳಗಿನ ಮರಳನ್ನು ರಕ್ತದೊಂದಿಗೆ ಉಗುಳಿದರು, ಏಳಲಿಲ್ಲ. ಬಲಗೈ ಗುಂಡಿಯ ಅಂಚನ್ನು ಅವಚಿತ್ತು. ಟೆರಿಲಿನ್ ಶರಟಿನವನು ಸಲಿಕೆ ಎತ್ತಿ ಆ ಕೈಯ ಮೇಲೆಯೇ ಹೊಡೆದ. ಹಸಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಇಂದಿಗೂ ನಾನು ನುಗ್ಗೆಕಾಯಿ ಮುರಿಯುವಾಗ...

ಆಮೇಲಿನದು ಚೂರು ಚೂರಾಗಿ ನೆನಪಿದೆ. ಡ್ರೈವರು ಕಬ್ಬಿಣದ ರಾಡು ಹಿಡಿದು ಬಂದು ಒಬ್ಬನ ಹೆಗಲಿಗೆ ಬಿಟ್ಟ. ಅವ್ವ, ಕೋಳಿ ಕೊಯ್ಯುವುದನ್ನೂ ನೋಡಲಾರದ ನನ್ನ ಅವ್ವ, ಒಲೆಯಿಂದ ಉರಿವ ಕೊಳ್ಳಿ ಎಳೆದುಕೊಂಡು ಬಂದು ಟೆರಿಲಿನ್ ಶರಟಿನ ಬೆನ್ನಿಗೆ ಇಟ್ಟಳು. ಶರಟು ಅಂಟಿಕೊಂಡೇ ಸುಟ್ಟಿತು. ಅವನು ಅರಚುತ್ತ ನೀರಿನತ್ತ ಓಡಿದ. ಉಳಿದಿಬ್ಬರು ಚೀಲ ಹೊತ್ತು ಪೊದೆಗಳಲ್ಲಿ ಮಾಯವಾದರು. ಸಾಬರು ಎದ್ದು ಕೂತು, ಎಡಗೈಯೊಂದರಲ್ಲೇ, ಉಳಿದ ನಾಲ್ಕಾರು ಮೊಟ್ಟೆಗಳ ಮೇಲೆ ಮರಳು ಎಳೆದರು. ಅವು ಮರಿಯಾದವೋ ಇಲ್ಲವೋ, ಯಾರಿಗೆ ಗೊತ್ತು?

ವಾಪಸು ಬರುವಾಗ ಚಿಪ್ಪಿನ ಚೀಲಗಳ ಮೇಲೆ ಕೂತಿದ್ದೆವು. ಸಾಬರ ಕೈಗೆ ಅತ್ತೆಯ ಹರಿದ ಸೀರೆಯ ಪಟ್ಟಿ ಸುತ್ತಿದ್ದರು. ರಕ್ತ ತೊಟ್ಟಿಕ್ಕಿ ಚೀಲ ನೆನೆದಿತ್ತು.

"ಆ ಹಾಳಾದೋರಿಗೆ ಜಾಗ ಯಾರು ಹೇಳಿದ್ರು ಅಂತೀನಿ? ಹೇಳಿದೋರ ನಾಲಿಗೆ ಸೇದಿ ಹೋಗ" ಎಂದು ಅತ್ತೆ ಶಾಪ ಹಾಕುತ್ತಲೇ ಇದ್ದಳು.

ನನಗೆ ತಡೆಯಲಾಗಲಿಲ್ಲ. ಸಾಬರ ಕಿವಿಯ ಹತ್ತಿರ ಸರಿದು, "ಚಾಚಾ, ನಾನು ಬೆರಳು ಮಡಚೇ ತೋರ್ಸಿದ್ದೆ" ಅಂದೆ.

ಅವರು ನನ್ನನ್ನು ನೋಡಿದರು. ಲಾರಿ ಒಂದು ತಿರುವು ಮುಗಿಸಿ ಇನ್ನೊಂದು ತಿರುವಿಗೆ ಹೊರಳುವವರೆಗೂ ನೋಡಿದರು.

"ಮಡಚೇ ತೋರ್ಸಿದ್ದಿ ಅಲ್ವಾ? ಹಂಗಾದ್ರೆ ನಿಂದೇನೂ ತಪ್ಪಿಲ್ಲ ಬಿಡು ಮಗಾ."

ಆಮೇಲೆ ಅತ್ತೆಯತ್ತ ತಿರುಗಿ ದೊಡ್ಡ ದನಿಯಲ್ಲಿ, "ಸುಮ್ನೆ ಯಾರಿಗೂ ಬೈಬ್ಯಾಡ್ರಿ ಅಕ್ಕಾರೆ. ಆಮೆ ಬಂದ ಗುರುತು ಸರಿಯಾಗಿ ಅಳಿಸಿರ್ಲಿಲ್ಲ. ನಂದೇ ತಪ್ಪು" ಅಂದರು. ಸೊಪ್ಪಿನಿಂದ ಗುಡಿಸಿದ್ದ ಆ ಮರಳನ್ನು ನಾನು ಬೆಳಿಗ್ಗೆ ನೋಡಿದ್ದೆ. ಒಂದು ಗೆರೆಯೂ ಇರಲಿಲ್ಲ.

ಓಣಿಯಲ್ಲಿ ಸುದ್ದಿ ಹಬ್ಬಿತು. ಸಾಬರ ಜೊತೆ ಹೋದರೆ ಹೊಡೆದಾಟ ಎಂದರು ಗಂಡಸರು. ಮರುವರ್ಷ ಅವರು ಎಲ್ಲರ ಬಾಗಿಲಿಗೂ ಹೋಗಿ ಕರೆದರು. ನಮ್ಮ ಅಪ್ಪನೂ ಕಳಿಸಲಿಲ್ಲ. ಲಾರಿ ಖಾಲಿ ಗೋಣಿಚೀಲ ಹೊತ್ತು ಹೋಯಿತು. ಅದರ ಮರುವರ್ಷ ಅವರು ಕರೆಯಲೂ ಇಲ್ಲ. ಸುಣ್ಣಕ್ಕೆ ಹೋದಾಗ ಎಲೆಯಲ್ಲಿ ಕಟ್ಟಿಕೊಡುವ ಕೈಯನ್ನು ನೋಡುತ್ತಿದ್ದೆ. ತೋರುಬೆರಳು ಕೊಕ್ಕೆಯ ಹಾಗೆ ಬಾಗಿ ಕೂಡಿಕೊಂಡಿತ್ತು, ಮತ್ತೆಂದೂ ನೆಟ್ಟಗಾಗಲಿಲ್ಲ. ಅವರು ಎಂದೂ ಆ ಮಾತೆತ್ತಲಿಲ್ಲ. ನಾನೂ... ನಾನು ಮದುವೆಯಾಗಿ ಊರು ಬಿಟ್ಟ ಮೇಲೆ ಅವರು ತೀರಿಕೊಂಡರಂತೆ. ಭಟ್ಟಿ ಇದ್ದ ಜಾಗದಲ್ಲಿ ಈಗ ಬಣ್ಣದ ಅಂಗಡಿ.

ಡಬ್ಬಿಯಲ್ಲಿ ಸುಣ್ಣ ತಣ್ಣಗಾಗಿದೆ. ಮುಂಗೈಯ ಬೊಬ್ಬೆ ಇನ್ನೂ ಚುರುಗುಡುತ್ತಿದೆ. ನನ್ನ ಹಿತ್ತಿಲಲ್ಲೂ ಹೀರೆ ಚಪ್ಪರವಿದೆ. ಬಂದವರು "ಹೀಚು ಎಲ್ಲಿವೆ, ತೋರಿಸ್ರೀ" ಎಂದರೆ ನಾನು ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳುತ್ತೇನೆ. ಬೆರಳು ಮಡಚಿಯೂ ತೋರಿಸುವುದಿಲ್ಲ.