ಗುಲ್ನಾಜ್ ಮೇಡಂ ಬರೆದ ಎರಡು ಪದಗಳು

ಗುಲ್ನಾಜ್ ಮೇಡಂ ಅವರಷ್ಟು ಗೊಂದಲಕ್ಕೆ ಬೀಳುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಬಳ್ಳಾರಿಯಿಂದ ಕುರುಗೋಡಿಗೆ ನಾವಿಬ್ಬರೂ ದಿನಾ ಒಂದೇ ಬಸ್ಸಿಗೆ ಹೋಗುವವರು. ಶಾಲೆಯಲ್ಲಿ ಅವರು ಇಂಗ್ಲಿಷ್ ಕಲಿಸುತ್ತಾರೆ, ನಾನು ಕನ್ನಡ. ಕಿಟಕಿ ಪಕ್ಕ ಕೂತರೆ ಬಿಸಿಲು, ಈಚೆ ಕೂತರೆ ನಿಂತವರ ಚೀಲ ತಲೆಗೆ ತಾಗುತ್ತದೆ ಎಂದು ಯೋಚಿಸುತ್ತ ನಿಂತು, ಅಷ್ಟರಲ್ಲಿ ಎರಡೂ ಸೀಟು ಬೇರೆಯವರ ಪಾಲಾಗಿ, ಕುರುಗೋಡಿನವರೆಗೆ ಕಂಬಿ ಹಿಡಿದುಕೊಂಡು ಬಂದ ದಿನಗಳು ಬೇಕಾದಷ್ಟಿವೆ. ನಾನು ನಕ್ಕರೆ ಅವರೂ ನಗುತ್ತಾರೆ, ಮರುದಿನ ಮತ್ತೆ ಅದೇ ಕಥೆ.

ಅವರ ಮನೆ ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ತಾಯಿ ಮಾಸುಮಾಬಿ ಜೀನ್ಸ್ ಹೊಲಿಯುವ ಕಡೆ ಗುಂಡಿ ಹಾಕುವ ಕೆಲಸ ಮಾಡಿಕೊಂಡೇ ಮಗಳನ್ನು ಬಿ.ಎಡ್. ಓದಿಸಿದವರು. ಮಗಳು ಟೀಚರ್ ಆದದ್ದೇ ಆ ತಾಯಿಗೆ ದೊಡ್ಡ ಸಮಾಧಾನ. ತರಗತಿಯೊಳಗೆ ಹೋದರೆ ಗುಲ್ನಾಜ್ ಮೇಡಂ ಬೇರೆಯೇ ಮನುಷ್ಯೆ. ಅಲ್ಲಿ ಗೊಂದಲವಿಲ್ಲ, ಗದ್ದಲವಿಲ್ಲ. ಏಳನೇ ತರಗತಿಯ ಮಕ್ಕಳಿಗೆ ಅವರೆಂದರೆ ಪಂಚಪ್ರಾಣ.

ವರ್ಷದ ಕೊನೆಗೆ ಪ್ರಗತಿಪತ್ರದಲ್ಲಿ ಮಗುವಿನ ಬಗ್ಗೆ ಒಂದು ಮಾತು ಬರೆಯುವ ಖಾನೆ ಇರುತ್ತದೆ. ಅಲ್ಲಿ ಮೇಡಂ ಇಷ್ಟು ವರ್ಷ 'ಗುಡ್' ಇಲ್ಲವೇ 'ವೆರಿ ಗುಡ್' ಎಂದು ಬರೆದು ಆರಾಮಾಗಿದ್ದರು. ಯಾರೂ ತಕರಾರು ಎತ್ತಿರಲಿಲ್ಲ. ಈ ವರ್ಷ ನಮ್ಮ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿ ಜಂಬುನಾಥ ಯಾವುದೋ ತರಬೇತಿಗೆ ಹೋಗಿ ಬಂದರು. ಬಂದವರೇ ಎಲ್ಲರನ್ನೂ ಕೂರಿಸಿಕೊಂಡು ಶುರು ಮಾಡಿದರು.

"ವೆರಿ ಅನ್ನೋದು ಸೋಮಾರಿಗಳ ಪದ ರೀ. ಗುಡ್ ಅಂದ್ರ ಏನೂ ಹೇಳಿದಂಗ ಅಲ್ಲ. ಒಂದು ಕ್ಲಾಸಿನಾಗ ಒಮ್ಮೆ ಬರೆದ ಪದ ಇನ್ನೊಮ್ಮೆ ಬರಬಾರದು. ಪ್ರತಿಯೊಂದು ಮಗೂಗೂ ಬ್ಯಾರೆ ಪದ. ಇದು ವೆರಿ ವೆರಿ ಇಂಪಾರ್ಟೆಂಟ್."

ಅವರ ಬಾಯಲ್ಲೇ 'ವೆರಿ' ಎರಡು ಸಲ ಬಂತೆಂದು ನಾನು ಮೇಜಿನ ಕೆಳಗೆ ಗುಲ್ನಾಜ್ ಮೇಡಂ ಕಡೆ ಎರಡು ಬೆರಳು ತೋರಿಸಿದೆ. ಅವರಿಗೆ ನಗು ಬರಲಿಲ್ಲ, ಮುಖ ಬಿಳಿಚಿಕೊಂಡಿತ್ತು.

ಅಂದಿನಿಂದ ಬಸ್ಸಿನಲ್ಲಿ ನನ್ನ ನೆಮ್ಮದಿ ಹಾಳಾಯಿತು. "ಶೇಖರ್ ಸರ್, ಬ್ರೈಟ್ ದೊಡ್ಡದಾ, ಇಂಟೆಲಿಜೆಂಟ್ ದೊಡ್ಡದಾ?" "ಸರ್, ಕ್ವೈಟ್ ಗುಡ್ ಅಂತ ಬರೆದ್ರ ಬರೇ ಗುಡ್‌ಗಿಂತ ಮ್ಯಾಲಾ ಕೆಳಗಾ? ಒಂದು ಪುಸ್ತಕದಾಗ ಮ್ಯಾಲ ಅಂತೈತಿ, ಇನ್ನೊಂದರಾಗ ಕೆಳಗ ಅಂತೈತಿ." "ಹೈಲಿ ಅನ್ಲಾ, ಟ್ರೂಲಿ ಅನ್ಲಾ? ಟ್ರೂಲಿ ಅಂದ್ರ ಉಳಿದೋರಿಗೆಲ್ಲಾ ಸುಳ್ಳು ಬರೆದಂಗ ಆಗಂಗಿಲ್ಲಾ?"

ನಾನು ಕನ್ನಡದವನು, ಇವೆಲ್ಲ ನನ್ನ ಉಸಾಬರಿಯಲ್ಲ ಎಂದೆ. ಬಾಯಿ ಸುಮ್ಮನಿರಬೇಕಲ್ಲ, ನಮ್ಮಲ್ಲಿ ಇಂಥ ಫಜೀತಿ ಇಲ್ಲ ಎಂದೂ ಸೇರಿಸಿದೆ.

"ಹೌದಾ? ಜಾಣ, ಶಾಣ್ಯಾ, ಬುದ್ಧಿವಂತ, ಚುರುಕು. ಇವುಗಳಾಗ ಯಾವುದು ದೊಡ್ಡದು ಹೇಳ್ರಿ ನೋಡೋಣು."

ನಾನು ಬೆರಳು ಮಡಚಿ ಶುರು ಮಾಡಿದೆ. ಜಾಣನಿಗಿಂತ ಬುದ್ಧಿವಂತ ಮೇಲು. ಆದರೆ ಬುದ್ಧಿವಂತ ಎಂದು ಬೈಯಲಿಕ್ಕೂ ಹೇಳುತ್ತೇವೆ. ಹಾಗಾದರೆ ಚುರುಕು? ಚುರುಕಾದವನು ಜಾಣನೇ ಆಗಬೇಕೆಂದಿಲ್ಲ. ಕುರುಗೋಡು ಬಂತು, ನನ್ನ ಲೆಕ್ಕ ಮುಗಿಯಲಿಲ್ಲ. ಇಳಿಯುವಾಗ ನನಗೆ ಎಲ್ಲಿಲ್ಲದ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಕೊನೆಗೆ ಮೇಡಂ ಒಂದು ದಾರಿ ಕಂಡುಕೊಂಡರು. ಒಂದೇ ಅರ್ಥದ ಪದಗಳನ್ನೆಲ್ಲ ಒಟ್ಟುಮಾಡಿ, ಹಾಜರಿಯಲ್ಲಿ ಹೆಸರು ಬಂದ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಬರೆಯುತ್ತ ಹೋದರು. ಎಲ್ಲವೂ ಒಳ್ಳೆಯ ಮಾತೇ, ಯಾರಿಗೆ ಯಾವುದು ಹೋದರೇನು ಎಂಬುದು ಅವರ ಲೆಕ್ಕ. ನನಗೂ ಅದು ಸರಿ ಎನಿಸಿತು.

ಪ್ರಗತಿಪತ್ರ ಕೊಟ್ಟ ದಿನ ಬಿಸಿಲು ನೆತ್ತಿ ಸುಡುತ್ತಿತ್ತು. ಶಾಲೆಯ ಮುಂದಿನ ಬೇವಿನ ಮರದ ಕೆಳಗೆ ತಂದೆತಾಯಿಗಳು ನಿಂತು ಮಕ್ಕಳ ಪತ್ರ ಅದಲುಬದಲು ಮಾಡಿ ನೋಡುತ್ತಿದ್ದರು. ಅಂಕ ನೋಡುವವರೇ ಇಲ್ಲ, ಎಲ್ಲರ ಕಣ್ಣೂ ಆ ಒಂದು ಪದದ ಮೇಲೆ. ವಿರೂಪಮ್ಮ ಎಂಬ ತಾಯಿ ನೇರ ಬಂದು, "ಪಕ್ಕದ ಮನಿ ಹುಡುಗಗ ಬ್ರಿಲಿಯಂಟ್, ನನ್ನ ಮಗಗ ಕ್ಲೆವರ್. ಆ ಹುಡುಗ ಪರೀಕ್ಷ್ಯಾಗ ನನ್ನ ಮಗನ್ನ ನೋಡಿ ಬರೀತಾನ್ರಿ!" ಎಂದು ಜಗಳಕ್ಕೇ ನಿಂತರು. ಅವರನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಮೇಡಂ ಬೆವತು ಹೋಗಿದ್ದರು.

ಆಮೇಲೆ ಬಂದವರು ಕೊಟ್ಟೂರಪ್ಪ. ಹಿಂದೆ ಇಬ್ಬರು ಮೊಮ್ಮಕ್ಕಳು. ಹಿರೀ ಮಗನ ಮಗಳು ಶಾಂಭವಿ, ಕಿರೀ ಮಗನ ಮಗಳು ಈರಮ್ಮ. ಒಂದೇ ಮನೆ, ಒಂದೇ ತರಗತಿ, ಒಂದೇ ಬೆಂಚು.

ಕೊಟ್ಟೂರಪ್ಪನವರು ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಆಯುಷ್ಯ ಕಳೆದವರು. ಅಕ್ಕಿಯನ್ನು ಅಂಗೈಯಲ್ಲಿ ಹರಡಿ, ಎರಡು ಕಾಳು ಹಲ್ಲಿಗೆ ಹಾಕಿ, ಇದು ಇಂಥ ದರ್ಜೆ ಎಂದು ಹೇಳುವುದು ಅವರ ಕೆಲಸವಾಗಿತ್ತು. ಅವರು ಹೇಳಿದ ಮೇಲೆ ಕೊಳ್ಳುವವರೂ ಮಾರುವವರೂ ಮರುಮಾತಾಡುತ್ತಿರಲಿಲ್ಲವಂತೆ. ಈಗ ಅವರ ಮುಂದೆ ಮನೆಯ ಪ್ರಶ್ನೆಯೊಂದು ಬಂದು ಕೂತಿತ್ತು. ನಮ್ಮ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಬಳ್ಳಾರಿಯ ಪಾರ್ವತಿನಗರದಲ್ಲಿ ಅವರ ತಂಗಿ ಸುವರ್ಣಮ್ಮ ಇದ್ದಾರೆ. ಒಬ್ಬ ಹುಡುಗಿಯನ್ನು ಇಟ್ಟುಕೊಂಡು ಹೈಸ್ಕೂಲು ಓದಿಸುತ್ತೇನೆ, ಇಬ್ಬರ ಹಿಂದೆ ಓಡಾಡಲು ನನ್ನ ಮೊಣಕಾಲು ಕೇಳುವುದಿಲ್ಲ ಎಂದು ಆಕೆ ಹೇಳಿಬಿಟ್ಟಿದ್ದರು. ಉಳಿದವಳಿಗೆ ಊರಿನ ಹೈಸ್ಕೂಲೇ ಗತಿ. ಹೋಗಬೇಕೆಂಬ ಆಸೆ ಇಬ್ಬರು ಹುಡುಗಿಯರಿಗೂ ಇತ್ತು. ಇಬ್ಬರ ಅಂಕವೂ ಹೆಚ್ಚುಕಡಿಮೆ ಒಂದೇ. ಗಂಡುಮಕ್ಕಳಿಬ್ಬರೂ ಅಪ್ಪ ಹೇಳಿದಂತೆ ಎಂದು ಕೈ ತೊಳೆದುಕೊಂಡಿದ್ದರು. ಮುದುಕನಿಗೆ ಉಳಿದದ್ದು ಟೀಚರ್ ಕೈಬರಹದ ಪದವೊಂದೇ.

"ಟೀಚರಮ್ಮ, ಶಾಂಭವಿಗೆ ಡಿಲಿಜೆಂಟ್ ಅಂತ ಬರೆದೀರಿ. ಈರಮ್ಮಗ ಹಾರ್ಡ್‌ವರ್ಕಿಂಗ್ ಅಂತ ಬರೆದೀರಿ. ಎರಡರಾಗ ಯಾವುದು ಮ್ಯಾಲಿಂದು?"

"ಎರಡೂ ಒಂದ ರೀ ಅಜ್ಜಾರೆ. ಕಷ್ಟಪಟ್ಟು ಓದ್ತಾರ ಅಂತ ಅಷ್ಟ."

"ಒಂದ ಆದ್ರ ಎರಡು ಹೆಸರು ಯಾಕ? ನಮ್ಮ ಗಿರಣ್ಯಾಗ ಫೈನ್ ಅಂದ್ರ ಒಂದು ರೇಟು, ಸೂಪರ್ ಫೈನ್ ಅಂದ್ರ ಇನ್ನೊಂದು ರೇಟು. ಎರಡು ಹೆಸರು ಹಚ್ಚಿ ಒಂದ ಮಾಲು ಅಂದೋರನ್ನ ನಾ ಒಳಗ ಬಿಟ್ಟಿಲ್ಲ."

ಮೇಡಂ ನನ್ನ ಮುಖ ನೋಡಿದರು. ನಾನು ಬೇವಿನ ಮರ ನೋಡಿದೆ.

ಕೊಟ್ಟೂರಪ್ಪ ಆಗಲೇ ಊರೆಲ್ಲ ಕೇಳಿಕೊಂಡು ಬಂದಿದ್ದರು. ಔಷಧಿ ಅಂಗಡಿಯವನು, ತಾನೇ ಕೇಳಿರದ ಪದವಾದ್ದರಿಂದ ಡಿಲಿಜೆಂಟೇ ದೊಡ್ಡದು ಎಂದನಂತೆ. ಬ್ಯಾಂಕಿನ ಹುಡುಗ, ಹಾರ್ಡ್‌ವರ್ಕಿಂಗ್ ಉದ್ದ ಇದೆ, ಅದೇ ದೊಡ್ಡದಿರಬೇಕು ಎಂದನಂತೆ. ಫೋನಿಗೆ ಕೇಳಿದರೆ ಅದು ಎರಡಕ್ಕೂ ಶ್ರಮಶೀಲ ಎಂದು ಹೇಳಿ ಜಾರಿಕೊಂಡಿತಂತೆ.

"ಬರೆದೋರು ನೀವು. ನಿಮಗ ಗೊತ್ತಿರಬೇಕಲ್ಲ?"

ನ್ಯಾಯವಾದ ಪ್ರಶ್ನೆ. ಮೇಡಂ ಸುಳ್ಳು ಹೇಳಬಹುದಿತ್ತು. ಆದರೆ ಸುಳ್ಳಿನಲ್ಲೂ ಎರಡರಲ್ಲಿ ಒಂದನ್ನು ಆರಿಸಬೇಕಲ್ಲ, ಅದು ಅವರ ಕೈಲಾಗುವ ಕೆಲಸವಲ್ಲ. ತಲೆ ತಗ್ಗಿಸಿ ಇದ್ದದ್ದನ್ನೇ ಹೇಳಿದರು. "ಹಾಜರಿ ಪ್ರಕಾರ ಬರಕೊಂತ ಹೋದೆ ಅಜ್ಜಾರೆ. ಈರಮ್ಮನ ಹೆಸರು ಮೊದಲಿಗೆ ಬಂತು, ಆ ಪದ ಆಕಿಗೆ ಹೋತು. ಶಾಂಭವಿ ಹೆಸರು ಬರೋ ಹೊತ್ತಿಗೆ ಅದು ಖರ್ಚಾಗಿತ್ತು."

ಕೊಟ್ಟೂರಪ್ಪನ ಮುಖ ಸಣ್ಣದಾಯಿತು. "ಅಂದ್ರ ಮಕ್ಕಳನ್ನ ನೋಡಿ ಬರೀಲಿಲ್ಲಾ?"

ನನಗೆ ತಡೆಯಲಿಲ್ಲ. "ಯಜಮಾನ್ರೆ, ಇದೆಲ್ಲಾ ನಮ್ಮ ಕಾರ್ಯದರ್ಶಿ ಮಾಡಿದ ಫಜೀತಿ. ಚೀಟಿ ಎತ್ತಿಬಿಡ್ರಿ, ಯಾರ ಹೆಸರು ಬರತೈತಿ ಅವರು ಹೋಗ್ಲಿ," ಎಂದೆ.

"ಹುಡುಗಿ ಬಾಳೇವು ಚೀಟ್ಯಾಗ ನೋಡಾಕ ಬರತೈತೇನ್ರಿ ಮೇಷ್ಟ್ರೆ?" ಎಂದು ನನ್ನ ಬಾಯಿ ಮುಚ್ಚಿಸಿ, ಅವರು ಇಬ್ಬರು ಹುಡುಗಿಯರನ್ನೂ ಮೇಡಂ ಎದುರಿಗೆ ತಂದು ನಿಲ್ಲಿಸಿದರು. "ಆಗ ನೋಡಲಿಲ್ಲ ಬಿಡ್ರಿ. ಈಗ ನೋಡಿ ಹೇಳ್ರಿ. ಕನ್ನಡದಾಗ ಹೇಳ್ರಿ, ನನಗ ತಿಳಿಯಂಗ."

ಮೇಡಂ ನೋಡಿದರು. ಶಾಂಭವಿ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದಳು. ಈರಮ್ಮ ತನ್ನ ಚಪ್ಪಲಿಯ ಬಾರು ನೋಡುತ್ತಿದ್ದಳು. ಮೇಡಂ ಒಂದೊಂದೇ ಮಾತು ಹುಡುಕಿ ಹೇಳಿದರು.

"ಪಾಠ ತಿಳೀಲಿಲ್ಲ ಅಂದ್ರ ಶಾಂಭವಿ ಎದ್ದು ನಿಂತು ಕೇಳ್ತಾಳ ರೀ. ತಿಳಿಯೋತನಕ ಬಿಡಂಗಿಲ್ಲ. ಈರಮ್ಮ ಕೇಳಂಗಿಲ್ಲ. ಒಂದು ದಿನಾನೂ ಕೇಳಿಲ್ಲ. ಮನಿಗೆ ಹೋಗಿ ಓದಿ ಓದಿ ತಾನ ತಿಳಕೊಂಡು ಬರ್ತಾಳ. ಆದ್ರ ಕಡೀಕೆ ಇಬ್ಬರೂ ಒಂದ ಕಡೆ ಬಂದು ಮುಟ್ತಾರ ಅಜ್ಜಾರೆ."

ಇಬ್ಬರನ್ನೂ ಹೊಗಳಿದೆ, ಸದ್ಯ ಒಂದು ಮಾತಾದರೂ ಸರಿಯಾಗಿ ಬಂತು ಎಂದು ಮೇಡಂ ಉಸಿರು ಬಿಟ್ಟರು. ನನಗೂ ಹಾಗೇ ಅನಿಸಿತು. ಕೊಟ್ಟೂರಪ್ಪನ ಮುಖ ಮಾತ್ರ ಅಕ್ಕಿಯ ದರ್ಜೆ ಸಿಕ್ಕವರಂತೆ ತಿಳಿಯಾಯಿತು.

"ಸಾಕು ಟೀಚರಮ್ಮ. ಹೊಸ ಊರು, ಹೊಸ ಸಾಲಿ. ಅಲ್ಲಿ ಬಾಯಿಬಿಟ್ಟು ಕೇಳೋರು ಬೇಕು." ಅಲ್ಲೇ ನಿಂತು ಫೋನು ಹಚ್ಚಿದರು. "ಸುವರ್ಣಾ, ಶಾಂಭವಿನ್ನ ಕಳಸ್ತೀನವ್ವಾ. ಹ್ಞೂ, ಮಾತು ಮುಗೀತು."

ಶಾಂಭವಿಯ ಮುಖ ಅರಳಿತು. ಪಕ್ಕದಲ್ಲಿದ್ದ ಈರಮ್ಮನ ನೆನಪಾಗಿ ಆ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ಒದ್ದಾಡಿದಳು. ಅಜ್ಜ ಇಬ್ಬರನ್ನೂ ಕರೆದುಕೊಂಡು ಗೇಟಿನ ಕಡೆ ಹೊರಟರು. ಮೇಡಂ ಕಂಬಕ್ಕೆ ಒರಗಿ, "ನಾ ಈಗ ಏನ್ ಹೇಳಿದೆ ಸರ್? ನಾ ಹಂಗ ಹೇಳಿಲ್ಲಲ್ಲಾ?" ಎಂದು ನನ್ನನ್ನು ಕೇಳಿದರು. ಹೇಳಿದ್ದು ಹೌದೋ ಅಲ್ಲವೋ ನನಗೂ ಬಗೆಹರಿಯಲಿಲ್ಲ.

ಅಷ್ಟರಲ್ಲಿ ಈರಮ್ಮ ಒಬ್ಬಳೇ ತಿರುಗಿ ಬಂದಳು. ಅಳುತ್ತಿರಲಿಲ್ಲ. ಮೇಡಂ ಎದುರಿಗೆ ನಿಂತು ಪ್ರಗತಿಪತ್ರ ಬಿಡಿಸಿ ಹಿಡಿದಳು.

"ಮಿಸ್, ನಾನೂ ಒಂದು ಕೇಳ್ಲಾ?"

"ಕೇಳವ್ವಾ."

"ನಾ ಬಳ್ಳಾರಿಗೆ ಹೋಗಬೇಕಂದ್ರ ನೀವು ಇಲ್ಲಿ ಏನಂತ ಬರೀಬೇಕಿತ್ತು?"

ಮೇಡಂ ಬಾಯಿ ತೆರೆದರು. ಇಂಗ್ಲಿಷಿನ ಅಷ್ಟೂ ಪದ ಒಟ್ಟುಮಾಡಿದವರಿಗೆ ಆಗ ಯಾವ ಭಾಷೆಯದೂ ಒಂದು ಪದ ಸಿಗಲಿಲ್ಲ. ಮೇಡಂ ಥಟ್ಟನೆ ಹುಡುಗಿಯ ಕೈ ಹಿಡಿದು ಗೇಟಿನ ಕಡೆ ಓಡಿದರು. ಸೀಟು ಆರಿಸಲಾರದ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಜ್ಜಾರೆ, ನಿಲ್ರಿ! ಈಕಿ ಕೇಳಿದ್ಲು! ಈಗ ನನ್ನ ಕೇಳಿದ್ಲು ರೀ!"

ಕೊಟ್ಟೂರಪ್ಪ ಗಾಡಿ ಶುರು ಮಾಡಿದ್ದವರು ನಿಲ್ಲಿಸಿದರು. ಏನು ಕೇಳಿದಳೆಂದು ಮೇಡಂ ಏದುಸಿರಿನಲ್ಲೇ ಹೇಳಿದರು. ಮುದುಕ ಮೊಮ್ಮಗಳನ್ನು ನೋಡಿದರು, ಮೇಡಂ ಅವರನ್ನು ನೋಡಿದರು, ಕೈಯಲ್ಲಿದ್ದ ಫೋನನ್ನೂ ನೋಡಿದರು. ಕಣ್ಣು ತುಂಬಿತ್ತು.

"ಮಾತು ಕೊಟ್ಟಾಗೈತಿ ಟೀಚರಮ್ಮ," ಎಂದರು. "ಅದನ್ನ ತಿರುಗಿಸಿದ್ರ ಈಗ ಶಾಂಭವಿಗೆ ಏನಂತ ಹೇಳ್ಲಿ?"

ಈರಮ್ಮ ತಾನಾಗಿಯೇ ಕೈ ಬಿಡಿಸಿಕೊಂಡು ಶಾಂಭವಿಯ ಹಿಂದೆ ಹತ್ತಿ ಕೂತಳು. ಗಾಡಿ ಹೊರಟಿತು. ಆಕೆ ಕುತ್ತಿಗೆ ತಿರುಗಿಸಿ ಮೇಡಂ ಕಡೆಯೇ ನೋಡುತ್ತಿದ್ದಳು. ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿರಲಿಲ್ಲ.