ಅಣ್ಣನ ಕತೆ, ಹೊಸ ನಿಯಮ

ಅಣ್ಣ ತೀರಿಕೊಂಡ ಮೇಲೆ ಬಂದವರೆಲ್ಲ ಅವನ ಅಂಗಡಿ ಏನಾಗುತ್ತದೆ ಎಂದು ಕೇಳಿದರು. ತಮಿಳುನಾಡಿನ ಚಿನ್ನಮನೂರಿನಲ್ಲಿ ಅವನದು ಬೈಕ್ ಬಿಡಿಭಾಗಗಳ ಅಂಗಡಿ. ಅದನ್ನು ಅತ್ತಿಗೆ ನೋಡಿಕೊಳ್ಳುತ್ತಿದ್ದಾರೆ. ಮಹಡಿಯ ಮೇಲೆ ಭಾನುವಾರಗಳಲ್ಲಿ ನಡೆಯುತ್ತಿದ್ದ ಆಟದ ಬಗ್ಗೆ ಯಾರೂ ಕೇಳಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ. ಅಣ್ಣ ಅರ್ಧಕ್ಕೆ ಬಿಟ್ಟುಹೋದ ಕತೆ ಅವನ ರೀತಿಯಲ್ಲೇ ಮುಗಿಯಬೇಕಿತ್ತು.

ಆಟವೆಂದರೆ, ಒಬ್ಬ ಕತೆ ಹೇಳುತ್ತಾನೆ, ಉಳಿದವರು ಅದರೊಳಗಿನ ಪಾತ್ರಗಳಾಗುತ್ತಾರೆ. ಕತ್ತಿ ಬೀಸಿದೆ ಎಂದರೆ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ನಿಯಮಗಳಿಗೆ ಒಂದು ದಪ್ಪ ಪುಸ್ತಕ. ಅಣ್ಣನ ಹತ್ತಿರ ಇದ್ದದ್ದು ಹಳೆಯ ಆವೃತ್ತಿ, ಜೆರಾಕ್ಸ್ ಮಾಡಿಸಿ ಸ್ಪೈರಲ್ ಹಾಕಿಸಿದ್ದು. ಅದರಲ್ಲಿ ಪ್ರಾಣದ ಅಂಕ ಸೊನ್ನೆಗೆ ಇಳಿದರೆ ಪಾತ್ರ ಸತ್ತಂತೆ. ಗಾಯವಾದರೆ, ಒಂದು ರಾತ್ರಿಯ ನಿದ್ದೆಗೆ ಒಂದೇ ಅಂಕ ವಾಪಸ್. ಇದು ಸಾಲದೆಂದು ಅಣ್ಣ ನಮ್ಮ ಮನೆಗಳ ಪದ್ಧತಿಯನ್ನೂ ಸೇರಿಸಿದ್ದ. ಪಾತ್ರ ಸತ್ತರೆ ಉಳಿದವರು ಹೆಣವನ್ನು ಊರಿಗೆ ಹೊತ್ತು ತರಬೇಕು. ಸೂತಕ ಕಳೆಯುವ ತನಕ ಯಾರೂ ಕತ್ತಿ ಮುಟ್ಟುವಂತಿಲ್ಲ. ನಾವು ಗೊಣಗುತ್ತಿದ್ದೆವು. ಆದರೆ ಆ ಭಯಕ್ಕೇ ಕತೆಯ ಗುಹೆಯೊಳಗೆ ಉಸಿರು ಬಿಗಿಹಿಡಿದು ಹೋಗುತ್ತಿದ್ದೆವು. ಅಂಗಡಿಯಲ್ಲಿ ದಿನವಿಡೀ ತಮಿಳು ಮಾತಾಡುವ ಅಣ್ಣ, ಮಹಡಿ ಹತ್ತಿದರೆ ರಾಕ್ಷಸರನ್ನೂ ನಮ್ಮ ಮನೆಯ ಕನ್ನಡದಲ್ಲೇ ಮಾತಾಡಿಸುತ್ತಿದ್ದ.

ಕಾರ್ಯಗಳೆಲ್ಲ ಮುಗಿದ ಮೇಲೆ ನಾವು ಮೂವರು ಸೇರಿದೆವು. ನಾನು, ಆಂಡಿಪಟ್ಟಿಯ ಅತ್ತೆ ಮಗ, ಅಣ್ಣನ ಗೆಳೆಯ. ಈ ಗೆಳೆಯ ದಿಂಡಿಗಲ್‌ನಲ್ಲಿ ಬೀಗ ಮಾಡುವವನು. ಇನ್ನು ಕತೆ ಹೇಳುವವರು ಯಾರು? ನಾನು ಎನ್ನಬೇಕೆಂದಿದ್ದೆ. ಧೈರ್ಯ ಸಾಲಲಿಲ್ಲ.

ಕಂಬಂನಲ್ಲಿ ಕನ್ನಡ ಮಾತಾಡುವ ನಮ್ಮವರ ದೇವರ ದನದ ಮಂದೆ ಇದೆ. ಮಂದೆಯನ್ನು ಮುನ್ನಡೆಸುವ ಪಟ್ಟದ ಹೋರಿ ಸತ್ತರೆ ಮಂದೆಯ ಮುಂದೆ ಕಬ್ಬು ಇಡುತ್ತಾರೆ. ಯಾವ ಹೋರಿ ಮೊದಲು ಬಾಯಿ ಹಾಕುತ್ತದೋ ಪಟ್ಟ ಅದಕ್ಕೆ. ಅತ್ತೆ ಮಗ ಬರುವ ದಾರಿಯಲ್ಲಿ ಕೊಂಡ ಕಬ್ಬಿನ ತುಂಡುಗಳನ್ನು ಮೇಜಿನ ಮೇಲೆ ಹರಡಿ ಏನೂ ಅರಿಯದವನಂತೆ ಕೂತ. ನನಗೆ ಅರ್ಥವಾಯಿತು. ದಿಂಡಿಗಲ್‌ನಲ್ಲೇ ಹುಟ್ಟಿ ಬೆಳೆದ ಗೆಳೆಯ, ನಮ್ಮವನೇ ಆದರೂ, ಇದನ್ನೆಲ್ಲ ಕಂಡವನಲ್ಲ. ಒಂದು ತುಂಡು ತೆಗೆದು ಹಲ್ಲಿನಿಂದ ಸಿಗಿದ.

“ಮಾಪ್ಳೆ, ಹೋರಿ ಸಿಕ್ತು!” ತಮಿಳಿನಲ್ಲಿ ನನ್ನನ್ನು ಭಾವ ಎಂದು ಕರೆಯುವ ಅತ್ತೆ ಮಗ ನನ್ನ ಬೆನ್ನಿಗೆ ಗುದ್ದಿದ.

“ಯಾವ ಹೋರಿ ಡಾ?” ಎಂದ ಗೆಳೆಯ.

“ನೀನೇ ಅಣ್ಣೋ. ಇನ್ನು ಕತೆ ನಿಂದು. ಕೊಂಬು ಮಾತ್ರ ಬಾಕಿ.”

ವಿವರಿಸಿ ಹೇಳಿದಾಗ ಗೆಳೆಯ ನಗಲಿಲ್ಲ. ಸಿಪ್ಪೆ ಉಗಿದು, “ಆಗ್ಲಿ. ಆದ್ರೆ ಹೊಸ ಪುಸ್ತಕದ ಪ್ರಕಾರ ಆಡ್ಸೋದು,” ಎಂದ. ಪಟ್ಟದ ಹೋರಿ ಹೋದ ಕಡೆ ಮಂದೆ ಹೋಗಬೇಕಲ್ಲ. ತಮಾಷೆಗೆಂದು ಇಟ್ಟ ಕಬ್ಬು ನನ್ನ ಬಾಯಿ ಕಟ್ಟಿಹಾಕಿತು.

ಹೊಸ ಆವೃತ್ತಿ ಸುಲಭ, ಒಪ್ಪುತ್ತೇನೆ. ಲೆಕ್ಕ ಕಡಿಮೆ, ಹೊಸಬರು ಬೇಗ ಕಲಿಯುತ್ತಾರೆ. ಆದರೆ ಅದರಲ್ಲಿ ಬಿದ್ದವನು ಸಾಯುವುದು ಅಪರೂಪ. ಬದುಕುವುದಕ್ಕೆ ಮತ್ತೆ ಮತ್ತೆ ದಾಳ ಎಸೆಯಬಹುದು, ಆಮೇಲೆ ಒಂದು ರಾತ್ರಿ ಮಲಗಿ ಎದ್ದರೆ ಗಾಯವೆಲ್ಲ ಮಾಯ. ಇದನ್ನು ಬರೆದವರು ಯಾವ ಮನೆಯಲ್ಲಿ ಮಲಗಿ ಎದ್ದರೋ. ನಮ್ಮ ಮನೆಯಲ್ಲಂತೂ ಬೆಳಿಗ್ಗೆ ಎದ್ದಾಗ ಎಲ್ಲ ಹಿಂದಿನ ದಿನದಂತೆಯೇ ಇರುತ್ತದೆ.

ಮುಂದಿನ ಭಾನುವಾರ ಗುಹೆಯಲ್ಲಿ ಒಂದು ಕರಡಿ ನನ್ನ ಪಾತ್ರವನ್ನು ಕೆಡವಿತು. ಅಂಕ ಸೊನ್ನೆ.

“ಸತ್ತೆ,” ಎಂದೆ.

“ಇಲ್ಲ ತಂಬಿ, ದಾಳ ಹಾಕು,” ಎಂದ ಗೆಳೆಯ.

“ಹಾಕಲ್ಲ. ಅಣ್ಣ ಇದ್ದಿದ್ರೆ ಸತ್ತೆ ಅಂತಿದ್ದ. ಹೊತ್ಕೊಂಡು ಊರಿಗೆ ಹೋಗಿ.”

“ನಿನ್ನನ್ನ ಯಾರು ಡಾ ಹೊರೋದು? ಕರಡೀನೇ ತೂಕ ಕಮ್ಮಿ,” ಎಂದ ಅತ್ತೆ ಮಗ.

ಗೆಳೆಯ ನನ್ನ ಪರವಾಗಿ ತಾನೇ ದಾಳ ಎತ್ತಿಕೊಂಡ. ನಾನು ಅವನ ಮಣಿಕಟ್ಟು ಹಿಡಿದೆ. ಬಿಡಿಸಿಕೊಳ್ಳದೆ, ತಲೆ ಎತ್ತದೆ ಹೇಳಿದ: “ಅವನ ಹೆಣ ಹೊತ್ತ ಹೆಗಲು ಇದು. ಈ ಮೇಜಿನ ಹತ್ರ ಇನ್ನೊಬ್ಬನ್ನ ಸತ್ತ ಅಂತ ಹೇಳು ಅಂದ್ರೆ ನನ್ನಿಂದ ಆಗಲ್ಲ.”

ಹೊಸ ಪುಸ್ತಕ ಅವನಿಗೆ ಯಾಕೆ ಬೇಕಿತ್ತೆಂದು ಆಗ ತಿಳಿಯಿತು. ತಿಳಿದದ್ದರಿಂದ ಸಿಟ್ಟು ಇಳಿಯಲಿಲ್ಲ; ಅದನ್ನು ತೀರಿಸಿಕೊಳ್ಳಲು ಯಾರೂ ಇಲ್ಲದಂತಾಯಿತು. ಅವನಿಗೆ ಯಾರೂ ಸಾಯಬಾರದು. ನನಗೆ ಸತ್ತವನು ಸತ್ತನೆಂದು ಯಾರಾದರೂ ಒಪ್ಪಬೇಕು. ಒಂದೇ ಕತೆಯಲ್ಲಿ ಎರಡೂ ಆಗುವುದಿಲ್ಲ.

“ನೀನು ಹೊಸ ಪುಸ್ತಕಕ್ಕೆ ಹೊಸ ಕತೆ ಶುರು ಮಾಡು ಅಣ್ಣೋ,” ಎಂದೆ. “ಅಣ್ಣಂದು ಬೇಡ.”

“ಹಂಗಾದ್ರೆ ಅದು ಅರ್ಧಕ್ಕೆ ನಿಂತು ಹೋಗ್ತದೆ.”

“ನಿಲ್ಲಲಿ.”

ಅದನ್ನು ಮುಗಿಸಬೇಕೆಂದೇ ನಾನು ಮಹಡಿ ಹತ್ತಿದ್ದೆ. ಅತ್ತೆ ಮಗ ಹೊಸ ಹಾಳೆ ಹರಿದು ಕೊಟ್ಟು, ನಿನ್ನ ಹೊಸ ಪಾತ್ರ ಯಾವ ಊರಿನವನು ಎಂದು ಕೇಳಿದ. ನಾನು ಊರಿನ ಜಾಗ ಖಾಲಿ ಬಿಟ್ಟು ಪ್ರಾಣದ ಅಂಕ ಬರೆದೆ.